5.3 ವೋರ್ಟೆಕ್ ಹಿಂದೆ ಹಳೆಯ ಆಟೊಮ್ಯಾಟಿಕ್: ಟಿಎಚ್350, 700ಆರ್4, ಟಿಎಚ್400

1999ರಿಂದ ಷೆವ್ರೊಲೆ ಸಿಲ್ವರಾಡೊ ಟ್ರಕ್‌ಗಳಲ್ಲಿ ಬಂದ 5.3 ಲೀಟರ್ ವೋರ್ಟೆಕ್ ಎಂಜಿನ್‌ ಅಮೆರಿಕದ ಗುಜರಿ ಅಂಗಳಗಳಲ್ಲಿ ಸಲೀಸಾಗಿ ಸಿಗುತ್ತದೆ. ಅದನ್ನು ಎಪ್ಪತ್ತರ ದಶಕದ ಸಿ10 ಪಿಕಪ್‌ಗೆ ಇಳಿಸುವವರು ಹಳೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನೇ ಬಳಸಲು ನೋಡುತ್ತಾರೆ. ಇದೇ ಎಂಜಿನ್ನಿನ ಹಿಂದೆ ಟಿಎಚ್350, 700ಆರ್4, ಟಿಎಚ್400 ಎಂಬ ಮೂರು ಗೇರ್‌ಬಾಕ್ಸ್‌ಗಳನ್ನೂ ಕಟ್ಟಿ ಓಡಿಸಿ ನೋಡಿದಾಗ ಸ್ಪಷ್ಟವಾದದ್ದು ಇಷ್ಟು: ಗೇರ್ ಅನುಪಾತ ನೋಡಿ ಆರಿಸಿದರೆ ತಪ್ಪುತ್ತೇವೆ. ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂಬುದು ಗೇರ್‌ಬಾಕ್ಸ್‌ಗೆ ಯಾವ ದಾರಿಯಲ್ಲಿ ತಿಳಿಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಅದಕ್ಕೂ ಮುಂಚೆ ಮೂರಕ್ಕೂ ಸಮಾನವಾದ ಒಂದು ತೊಡಕಿದೆ. ಬೆಲ್‌ಹೌಸಿಂಗಿನ (ಎಂಜಿನ್ನಿಗೆ ಕೂಡುವ ಗೇರ್‌ಬಾಕ್ಸಿನ ಮುಂದಿನ ಗಂಟೆಯಾಕಾರದ ಭಾಗ) ಆರು ಬೋಲ್ಟ್‌ಗಳಲ್ಲಿ ಐದು ಹೊಸ ಬ್ಲಾಕ್‌ಗೆ ಕೂಡುತ್ತವೆ, ಎರಡನ್ನೂ ಸರಿಯಾಗಿ ಕೂರಿಸುವ ಡೋವೆಲ್ ಪಿನ್‌ಗಳೂ ಹೊಂದುತ್ತವೆ. ಐದು ಬೋಲ್ಟ್ ಸಾಕು, ಆದರೆ ಬ್ಲಾಕಿನ ಮರೆ (ಬೋಲ್ಟ್ ತಿರುಗುವ ಥ್ರೆಡ್) 10 ಮಿ.ಮೀ.ನ ಎಂ10, ಹಳೆಯ 3/8 ಇಂಚಿನ ಬೋಲ್ಟ್ ಹಾಕಿ ತಿರುಗಿಸಿದರೆ ಮರೆ ಹಾಳಾಗುತ್ತದೆ. ನಿಜವಾದ ವ್ಯತ್ಯಾಸ ಒಳಗಿದೆ. ಷೆವ್ರೊಲೆಯ ಹಳೆಯ ಸ್ಮಾಲ್ ಬ್ಲಾಕ್ ವಿ8 ಎಂಜಿನ್‌ಗಿಂತ ಈ ಎಂಜಿನ್ನಿನ ಕ್ರ್ಯಾಂಕ್ ಫ್ಲ್ಯಾಂಜ್ (ಕ್ರ್ಯಾಂಕ್‌ಶಾಫ್ಟಿನ ಹಿಂದಿನ ತುದಿ) 0.400 ಇಂಚು, ಅಂದರೆ ಸುಮಾರು 10 ಮಿ.ಮೀ. ಮುಂದಕ್ಕೆ ಸರಿದಿದೆ. ಹಾಗೇ ಕಟ್ಟಿದರೆ ಟಾರ್ಕ್ ಕನ್ವರ್ಟರ್ (ಎಣ್ಣೆಯ ಮೂಲಕ ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಫ್ಲೆಕ್ಸ್‌ಪ್ಲೇಟನ್ನು, ಅಂದರೆ ಕ್ರ್ಯಾಂಕಿಗೆ ಕಟ್ಟುವ ತೆಳು ತಟ್ಟೆಯನ್ನು, ಮುಟ್ಟುವುದೇ ಇಲ್ಲ. ಬೋಲ್ಟ್ ಬಿಗಿದು ಎಳೆದು ಕೂಡಿಸುವವರಿದ್ದಾರೆ. ಆಗ ಕನ್ವರ್ಟರಿನ ಕೊರಳು ಗೇರ್‌ಬಾಕ್ಸಿನ ಎಣ್ಣೆ ಪಂಪಿನ ಗೇರಿನಿಂದ ಅರ್ಧ ಹೊರಬರುತ್ತದೆ, ಅದರ ಮೂಗಿಗೆ ಕ್ರ್ಯಾಂಕಿನ ಆಸರೆಯೂ ಇರುವುದಿಲ್ಲ. ಮೊದಲು ಮುಂದಿನ ಸೀಲ್ ಸೋರುತ್ತದೆ, ಆಮೇಲೆ ಫ್ಲೆಕ್ಸ್‌ಪ್ಲೇಟ್ ಬಿರುಕು ಬಿಡುತ್ತದೆ.

ಇದಕ್ಕೆ ಕ್ರ್ಯಾಂಕಿನ ಮೇಲೆ ಒಂದು ಸ್ಪೇಸರ್, ತಟ್ಟೆಯಂತೆ ತಗ್ಗಿರುವ ಮೂಲ ಫ್ಲೆಕ್ಸ್‌ಪ್ಲೇಟಿನ ಬದಲು ಚಪ್ಪಟೆಯದು, ಉದ್ದನೆಯ ಆರು ಬೋಲ್ಟ್ ಬೇಕು. ಬೋಲ್ಟ್‌ಗಳನ್ನು ಎದುರುಬದುರಾಗಿ ಮೂರು ಸುತ್ತಿನಲ್ಲಿ 20, 50, 100 ನ್ಯೂಟನ್ ಮೀಟರ್‌ಗೆ ಬಿಗಿಯಬೇಕು. ಹಳೆಯ ಕನ್ವರ್ಟರ್‌ಗಳ ಬೋಲ್ಟ್ ವೃತ್ತ 10.75 ಅಥವಾ 11.5 ಇಂಚು ಇರುತ್ತದೆ. ಅಳೆದ ಮೇಲೆಯೇ ಫ್ಲೆಕ್ಸ್‌ಪ್ಲೇಟ್ ಕೊಳ್ಳಿ. 1999–2000ರ ಕಬ್ಬಿಣದ ಹೆಡ್‌ನ 6.0 ಲೀಟರ್ ಎಂಜಿನ್ನಿನಲ್ಲಿ ಫ್ಲ್ಯಾಂಜ್ ಉದ್ದವಾಗಿದೆ, ಅದಕ್ಕೆ ಸ್ಪೇಸರ್ ಹಾಕಬಾರದು.

ಕನ್ವರ್ಟರನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಾ ಒಳಕ್ಕೆ ಒತ್ತಿ. ಇನ್‌ಪುಟ್ ಶಾಫ್ಟ್, ಸ್ಟೇಟರ್, ಪಂಪ್ ಗೇರ್ ಒಂದೊಂದಾಗಿ ಕಚ್ಚಿಕೊಳ್ಳುವಾಗ ಅದು ‘ಟಕ್’ ಎಂದು ಇಳಿಯುವುದು ಅಂಗೈಗೆ ಗೊತ್ತಾಗುತ್ತದೆ. ಬೆಲ್‌ಹೌಸಿಂಗ್ ಬ್ಲಾಕಿಗೆ ಕೈಯಲ್ಲೇ ಅಂಟಿಕೊಳ್ಳಬೇಕು. ಬೆರಳಗಲ ಸಂದಿ ಉಳಿದಿದ್ದರೆ ಕನ್ವರ್ಟರ್ ಪೂರ್ತಿ ಕೂತಿಲ್ಲ ಎಂದರ್ಥ, ಅಲ್ಲಿ ಬೋಲ್ಟ್ ಬಿಗಿದರೆ ಪಂಪ್ ಒಡೆಯುತ್ತದೆ. ಎಲ್ಲ ಕಟ್ಟಿದ ಮೇಲೆ ಕನ್ವರ್ಟರನ್ನು ಹಿಂದಕ್ಕೆ ತಳ್ಳಿ ಫ್ಲೆಕ್ಸ್‌ಪ್ಲೇಟಿನ ಸಂದಿ ಅಳೆಯಿರಿ. 3ರಿಂದ 5 ಮಿ.ಮೀ. ಸರಿ. ಹೆಚ್ಚಿದ್ದರೆ ಒಂದೇ ದಪ್ಪದ ವಾಷರ್ ಹಾಕಿ.

ಈಗ ಹೋಲಿಕೆ.

ಟಿಎಚ್350 ಹಗುರ, ಅಗ್ಗ. ಅನುಪಾತ 2.52, 1.52, 1.00. ಎಂಜಿನ್ ಮೇಲೆ ಬಿದ್ದಿರುವ ಹೊರೆಯನ್ನು ಇದು ವ್ಯಾಕ್ಯೂಮ್ ಮಾಡ್ಯುಲೇಟರಿನಿಂದ, ಅಂದರೆ ಇಂಟೇಕಿನ ನಿರ್ವಾತಕ್ಕೆ ಸ್ಪಂದಿಸುವ ಡಯಾಫ್ರಂನಿಂದ, ತಿಳಿಯುತ್ತದೆ. ಇಂಟೇಕ್ ಮ್ಯಾನಿಫೋಲ್ಡಿನಿಂದ, ಥ್ರಾಟಲ್ ದಾಟಿದ ಜಾಗದಿಂದ, ಒಂದು ಪೈಪ್ ಎಳೆದರೆ ಆ ಕೆಲಸ ಮುಗಿಯಿತು. ಕಿಕ್‌ಡೌನ್ ಕೇಬಲ್ ಕಟ್ಟದಿದ್ದರೂ ಗೇರ್‌ಬಾಕ್ಸ್ ಸುಡುವುದಿಲ್ಲ, ಪೆಡಲ್ ಪೂರ್ತಿ ಒತ್ತಿದಾಗ ಕೆಳಗೇರಿಗೆ ಇಳಿಯುವುದಿಲ್ಲ ಅಷ್ಟೇ. ಒಂದು ಬೇಸರವೆಂದರೆ ಹಳೆಯ ಗವರ್ನರ್ (ಗಾಡಿಯ ವೇಗ ನೋಡಿ ಗೇರ್ ಬದಲಿಸುವ ಸುತ್ತುವ ತೂಕದ ಭಾಗ) ಬೇಗ ಗೇರ್ ಏರಿಸಿಬಿಡುತ್ತದೆ, 5,000 ಆರ್‌ಪಿಎಂ ಆಸುಪಾಸಿನಲ್ಲಿ ಅರಳುವ ಈ ಎಂಜಿನ್ನಿನ ಶಕ್ತಿ ಕೈಗೆ ಸಿಗುವುದಿಲ್ಲ. ಗವರ್ನರಿಗೆ ಹಗುರ ತೂಕ ಹಾಕಿದರೆ ತಡವಾಗಿ ಏರಿಸುತ್ತದೆ. ಎಲ್ಲೂ ಸೋರಿಕೆ ಕಾಣದೆ ಎಣ್ಣೆ ಕಡಿಮೆಯಾಗುತ್ತಾ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂದರೆ ಮಾಡ್ಯುಲೇಟರಿನ ಪೈಪ್ ಬಿಚ್ಚಿ ನೋಡಿ. ಕೆಂಪು ಎಣ್ಣೆ ಇದ್ದರೆ ಡಯಾಫ್ರಂ ಹರಿದಿದೆ, ಎಂಜಿನ್ ಅದನ್ನು ಕುಡಿಯುತ್ತಿದೆ.

700ಆರ್4 ಕಾಗದದ ಮೇಲೆ ಎಲ್ಲಕ್ಕಿಂತ ಚೆಂದ. ಮೊದಲ ಗೇರ್ 3.06, ನಾಲ್ಕನೆಯದು 0.70. 3.73 ಆಕ್ಸಲ್, 28 ಇಂಚಿನ ಟೈರ್ ಇರುವ ಗಾಡಿ 100 ಕಿ.ಮೀ. ವೇಗದಲ್ಲಿ ಟಿಎಚ್350ರ ಮೂರನೇ ಗೇರಿನಲ್ಲಿ 2,780 ಆರ್‌ಪಿಎಂ ಸುತ್ತಿದರೆ, ಮೇಲೆ ಕನ್ವರ್ಟರಿನ ಜಾರಿಕೆ ಬೇರೆ, ಇಲ್ಲಿ ನಾಲ್ಕನೇ ಗೇರಿನಲ್ಲಿ ಲಾಕಪ್ ಆದಾಗ, ಅಂದರೆ ಕನ್ವರ್ಟರ್ ಜಾರದೆ ಬಿಗಿಯಾಗಿ ಕೂಡಿಕೊಂಡಾಗ, 1,950ರ ಆಸುಪಾಸು. ಹೆದ್ದಾರಿಯಲ್ಲಿ ಕಿವಿಗೂ ಪೆಟ್ರೋಲಿಗೂ ದೊಡ್ಡ ಸಮಾಧಾನ. ಆದರೆ ಇದರ ಒಳಗಿನ ಎಣ್ಣೆಯ ಒತ್ತಡವೆಲ್ಲ ಟಿವಿ ಕೇಬಲಿನ (ಥ್ರಾಟಲ್ ವಾಲ್ವ್ ಕೇಬಲ್) ಮೇಲೆ ನಿಂತಿದೆ. ಅದನ್ನು ಕಿಕ್‌ಡೌನ್ ಕೇಬಲ್ ಎಂದುಕೊಂಡು ಸಡಿಲ ಬಿಟ್ಟರೆ ಒತ್ತಡ ಏರದೆ 3–4 ಕ್ಲಚ್ ಪ್ಲೇಟ್‌ಗಳು ಜಾರಿ ಸುಡುತ್ತವೆ, ಅದಕ್ಕೆ ಹೆಚ್ಚು ದಿನ ಬೇಕಿಲ್ಲ. ಥ್ರಾಟಲ್ ಪೂರ್ತಿ ತೆರೆದಾಗ ಕೇಬಲ್ ಪೂರ್ತಿ ಹೊರಬಂದಿರಬೇಕು, ಮುಚ್ಚಿದಾಗ ಜೋಲು ಇರಬಾರದು. ಥ್ರಾಟಲ್ ಶಾಫ್ಟಿನ ನಡುವಿನಿಂದ ಕೇಬಲ್ ಪಿನ್ನಿಗೆ ಸುಮಾರು 28 ಮಿ.ಮೀ. ಇಡಿ. ಚಾಲಕನ ಬದಿಯ ಪರೀಕ್ಷಾ ರಂಧ್ರಕ್ಕೆ 300 ಪಿಎಸ್‌ಐ ಗೇಜ್ ಹಾಕಿ: ಥ್ರಾಟಲ್ ಕದಲಿದ ಕ್ಷಣವೇ ಮುಳ್ಳು ಏಳಬೇಕು. ಅದಾಗದ ಹೊರತು ರಸ್ತೆಗೆ ಇಳಿಸಬೇಡಿ. ಲಾಕಪ್ ಸೊಲೆನಾಯ್ಡಿಗೆ 12 ವೋಲ್ಟ್ ಕೊಡುವುದನ್ನೂ ಮರೆಯಬಾರದು, ಅದಿಲ್ಲದೆ ನಾಲ್ಕನೇ ಗೇರಿನಲ್ಲಿ ಎಣ್ಣೆ ಕಾಯುತ್ತದೆ. ಎಂಜಿನ್ನಿನದು ಕೇಬಲ್ ಇಲ್ಲದೆ ವಿದ್ಯುತ್ ತಂತಿಯಿಂದ ನಡೆಯುವ ಎಲೆಕ್ಟ್ರಾನಿಕ್ ಥ್ರಾಟಲ್ ಆಗಿದ್ದರೆ ಈ ಕೇಬಲ್ ಕಟ್ಟಲು ಜಾಗವೇ ಇಲ್ಲ. ಅಂಥ ಎಂಜಿನ್‌ಗೆ 700ಆರ್4 ಬೇಡ.

ಟಿಎಚ್400 ಭಾರ, ತಿರುಗಲು ಹೆಚ್ಚು ಶಕ್ತಿ ತಿನ್ನುತ್ತದೆ, ಹೆದ್ದಾರಿಗೆ ಬೇಕಾದ ಓವರ್‌ಡ್ರೈವ್ (1.00ಕ್ಕಿಂತ ಕಡಿಮೆ ಅನುಪಾತದ ಗೇರ್) ಇಲ್ಲ. ಅನುಪಾತ 2.48, 1.48, 1.00. ಆದರೂ ಎಲೆಕ್ಟ್ರಾನಿಕ್ ಥ್ರಾಟಲಿನ ಎಂಜಿನ್‌ಗೆ ಸಲೀಸಾಗಿ ಹೊಂದುವುದು ಇದೇ. ಹೊರೆ ತಿಳಿಯಲು ಮಾಡ್ಯುಲೇಟರ್ ಇದೆ, ಕಿಕ್‌ಡೌನ್ ವಿದ್ಯುತ್ತಿನಿಂದ ನಡೆಯುತ್ತದೆ. ಪೆಡಲಿನ ಕೆಳಗೆ ಒಂದು ಚಿಕ್ಕ ಸ್ವಿಚ್ ಇಟ್ಟು 12 ವೋಲ್ಟ್ ತಂತಿ ಎಳೆದರೆ ಸಾಕು. ಟ್ರೈಲರ್ ಎಳೆಯುವ ಗಾಡಿಗೆ ನಮ್ಮ ಆಯ್ಕೆ ಇದೇ. ಖರ್ಚು ಬರುವುದು ಹಿಂದಿನ ಭಾಗದಲ್ಲಿ: ಔಟ್‌ಪುಟ್ ಶಾಫ್ಟಿಗೆ 32 ಹಲ್ಲು, ಉಳಿದೆರಡಕ್ಕೆ 27. ಹಾಗಾಗಿ ಸ್ಲಿಪ್ ಯೋಕ್ (ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಕೊಂಡಿ) ಬದಲಿಸಬೇಕು. ಟಿಎಚ್350ರ ಮೌಂಟ್ ಬೆಲ್‌ಹೌಸಿಂಗಿನ ಮುಖದಿಂದ ಸುಮಾರು 20 ಇಂಚಿಗೆ ಬಂದರೆ ಇದರದ್ದು ಸುಮಾರು 27 ಇಂಚಿಗೆ, ಗೇರ್‌ಬಾಕ್ಸನ್ನು ಹೊರುವ ಅಡ್ಡಪಟ್ಟಿ, ಕ್ರಾಸ್‌ಮೆಂಬರ್, ಹಿಂದಕ್ಕೆ ಸರಿಯಬೇಕು. 700ಆರ್4ಗೆ 22.5 ಇಂಚು. ಅದರಲ್ಲಿ ಯೋಕ್ ಹಳೆಯದೇ ನಡೆಯುತ್ತದೆ, ಆದರೆ ಒಟ್ಟು ಉದ್ದ ಮೂರು ಇಂಚು ಹೆಚ್ಚಿರುವುದರಿಂದ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಬೇಕಾಗುತ್ತದೆ.

ಮೂರಕ್ಕೂ ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ತಿದ್ದಿಸಲೇಬೇಕು. ಅದು ತನ್ನ ಮೂಲ ಎಲೆಕ್ಟ್ರಾನಿಕ್ ಗೇರ್‌ಬಾಕ್ಸಾದ 4ಎಲ್60ಇಯನ್ನು ಹುಡುಕುತ್ತದೆ, ಸಿಗದಿದ್ದರೆ ದೋಷದ ದೀಪ ಹೊತ್ತಿಸುತ್ತದೆ. ಮ್ಯಾನುವಲ್ ಗೇರ್‌ಬಾಕ್ಸ್ ಎಂದು ಬರೆಸಿ, ಗೇರ್‌ಬಾಕ್ಸಿನ ದೋಷ ಸಂಕೇತಗಳನ್ನು ತೆಗೆಸಿ. ಸ್ಪೀಡೊಮೀಟರ್ ಕೇಬಲ್ ಜಾಗದಲ್ಲಿ ವಿದ್ಯುತ್ ಸೆನ್ಸರ್ ಕೂರಿಸಿ ವೇಗದ ಸಂಕೇತವನ್ನೂ ಕೊಡಿ. ಗಾಡಿ ಓಡುತ್ತಿದೆಯೋ ನಿಂತಿದೆಯೋ ಎಂದು ತಿಳಿಯದ ಕಂಪ್ಯೂಟರ್ ಐಡಲ್ ಸರಿಯಾಗಿ ನಡೆಸಲಾರದು, ಸಿಗ್ನಲ್ಲಿಗೆ ನಿಧಾನಿಸುವಾಗ ಎಂಜಿನ್ ಆಫ್ ಆಗುವುದು ಬಹಳ ಸಲ ಇದರಿಂದಲೇ.