ಪೆಟ್ಟಿಗೆಗೆ ನಾಲ್ಕು ಸ್ಟಾರ್, ಇರುವೆ ಬಟ್ಟಲಿಗೆ ಒಂದು: ಮೂರು ವರ್ಷ ಜೇನು ಸಾಕಿದ ಮೇಲೆ

ಅಳತೆ, ಚೌಕಟ್ಟಿನ ಲೆಕ್ಕ ಎಲ್ಲ ಮಾರುವವರೇ ಹೇಳುತ್ತಾರೆ, ನಾನು ಮತ್ತೆ ಬರೆಯುವುದಿಲ್ಲ. ನನ್ನದು ತುಡುವೆ ಜೇನಿನ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಮಾಮೂಲಿ ಐಎಸ್‌ಐ ಮಾದರಿ ಪೆಟ್ಟಿಗೆ. ಪೆಟ್ಟಿಗೆ, ಕಬ್ಬಿಣದ ಸ್ಟ್ಯಾಂಡ್, ಒಂದು ಕುಟುಂಬ (ರಾಣಿ ಮತ್ತು ಅದರ ನೊಣಗಳು) ಸೇರಿ 4,500 ರೂಪಾಯಿ ಬಿತ್ತು. ತೋಟಗಾರಿಕೆ ಇಲಾಖೆಯ ಸಬ್ಸಿಡಿಗೆ ಅರ್ಜಿ ಹಾಕಿ ಕಾಯಬಹುದಿತ್ತು. ಅಷ್ಟು ತಾಳ್ಮೆ ಇರಲಿಲ್ಲ. ಮನೆ ಶಿರಸಿ ಕಡೆ. ಎದುರಿಗೆ ಅಡಿಕೆ ತೋಟ, ಹಿಂದೆ ಬೆಟ್ಟ. ಜೇನಿಗೆ ಇನ್ನೇನು ಬೇಕು ಅಂದುಕೊಂಡಿದ್ದೆ.

ಬೇಕಾಗಿದ್ದು ನೀರು. ಅದೂ ಸ್ಟ್ಯಾಂಡಿನ ಕಾಲಿಗೆ.

ಇರುವೆ ಹತ್ತಬಾರದು ಅಂತ ಸ್ಟ್ಯಾಂಡಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ಇಡಬೇಕು. ಪೆಟ್ಟಿಗೆ ಮಾರಿದವರು ಕೊಟ್ಟ ಬಟ್ಟಲು ಎಷ್ಟು ದೊಡ್ಡದು ಅಂದರೆ, ಊಟಕ್ಕೆ ಉಪ್ಪಿನಕಾಯಿ ಹಾಕಿಕೊಳ್ಳುವಷ್ಟು! ಬೇಸಿಗೆಯಲ್ಲಿ ಬೆಳಿಗ್ಗೆ ತುಂಬಿಸಿದರೆ ಸಂಜೆಗೆ ತಳ ಕಾಣುತ್ತದೆ. ಮಳೆಗಾಲದಲ್ಲಿ ನೀರಿಗೇನೂ ಬರವಿಲ್ಲ, ಆದರೆ ಒಂದು ಹುಲ್ಲಿನ ಎಸಳು ಬಾಗಿ ಕಾಲಿಗೆ ತಾಗಿದರೆ ಸಾಕು, ಇರುವೆಗೆ ಅದೇ ಸಂಕ.

ಮೊದಲ ವರ್ಷ ಮೇ ತಿಂಗಳಲ್ಲಿ ಎರಡು ದಿನ ಮದುವೆಗೆ ಹೋಗಿದ್ದೆವು. ಬಂದು ಮುಚ್ಚಳ ತೆಗೆದರೆ ನೊಣ ಒಂದೂ ಇಲ್ಲ. ಎರಿಯ (ನೊಣ ಕಟ್ಟಿದ ಮೇಣದ ಗೂಡಿನ) ತುಂಬ ಕೆಂಪಿರುವೆ. ತುಡುವೆ ಜೇನು ಹಾಗೆಯೇ, ಕಿರಿಕಿರಿ ಜಾಸ್ತಿಯಾದರೆ ಮರಿಗಳನ್ನೂ ಬಿಟ್ಟು ಎದ್ದು ಹೋಗುತ್ತದೆ. ಮಾರಿದವರಿಗೆ ಫೋನ್ ಮಾಡಿದೆ. "ನೀರು ಹಾಕ್ಬೇಕಿತ್ತು ಸಾರ್" ಅಂದರು. ಸುಮ್ನೆ ಫೋನ್ ಇಟ್ಟೆ. ಇನ್ನೊಂದು ಕುಟುಂಬ ಕೊಂಡೆ.

ಅಲ್ಲಿಂದ ಶುರುವಾಯಿತು ನನ್ನ ಚೊಂಬಿನ ಕೆಲಸ. ದಿನಾ ಏಳೂವರೆಗೆ ಚಹಾ ಕುಡಿದು, ಚೊಂಬು ಹಿಡಿದು ಹೋಗುವುದು. ಬಟ್ಟಲಿನ ಕಸ ಬಳಿದು, ನೀರು ತುಂಬಿ, ಹುಲ್ಲು ಕಿತ್ತು ಬರುವುದು. ಮೊದಮೊದಲು ಶಪಿಸಿಕೊಂಡೇ ಮಾಡುತ್ತಿದ್ದೆ. ಆದರೆ ಕುಕ್ಕರಗಾಲಲ್ಲಿ ಕೂತರೆ ಪೆಟ್ಟಿಗೆಯ ಬಾಗಿಲು ಸರಿಯಾಗಿ ಕಣ್ಣೆದುರಿಗೇ ಬರುತ್ತದೆ, ಅಲ್ವಾ? ನೋಡದೆ ಏನು ಮಾಡುವುದು?

ಹಿಂಗಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಬರುತ್ತವೆ. ಒಂದು ದಿನ ತಿಳಿಹಳದಿ, ಇನ್ನೊಂದು ದಿನ ಕಿತ್ತಳೆ. ಉಂಡೆ ಚೆನ್ನಾಗಿ ಬರುತ್ತಿದ್ದರೆ ಒಳಗೆ ಮರಿಗಳಿವೆ, ರಾಣಿ ಮೊಟ್ಟೆ ಇಡುತ್ತಿದ್ದಾಳೆ ಅಂತ ಲೆಕ್ಕ. ಸೆಕೆ ಇದ್ದ ದಿನ ಕೆಲವು ನೊಣ ಬಾಗಿಲಲ್ಲಿ ನಿಂತು, ತಲೆ ಹೊರಗೆ ಮಾಡಿ ರೆಕ್ಕೆ ಬೀಸುತ್ತವೆ. ಕಣಜ ಸುಳಿದರೆ ಎಲ್ಲ ಒಟ್ಟಿಗೆ ಮೈ ಅಲುಗಿಸಿ "ಶ್ಶ್" ಅನ್ನುತ್ತವೆ. ಮೊದಲ ಸಲ ಕೇಳಿದಾಗ ಹಾವು ಅಂತ ಹಾರಿಬಿದ್ದಿದ್ದೆ.

ಮೇಲಿನ ಮನೆ ಮಾವ ಹಳೆಯ ಜೇನು ಕೃಷಿಕರು. 1991–92ರ ಹೊತ್ತಿಗೆ ದಕ್ಷಿಣದಲ್ಲೆಲ್ಲ ತುಡುವೆ ಜೇನನ್ನು ಮುಗಿಸಿದ ಥಾಯ್ ಸ್ಯಾಕ್ ಬ್ರೂಡ್ ಎಂಬ, ಮರಿಗಳನ್ನು ಕೊಲ್ಲುವ ವೈರಸ್ ರೋಗದಲ್ಲಿ ಅವರ ಪೆಟ್ಟಿಗೆಗಳೂ ಖಾಲಿಯಾಗಿದ್ದವು. ನಾನು ವಾರಕ್ಕೆ ಮೂರು ಸಲ ಮುಚ್ಚಳ ತೆಗೆಯುವುದನ್ನು ನೋಡಿ ಬೈದರು. "ನಿನ್ನ ಮನೆ ಮಾಡು ದಿನಾ ಯಾರಾದ್ರೂ ತೆಗೆದ್ರೆ ನೀನು ಇರ್ತೀಯನೋ? ಬಾಗಿಲು ನೋಡು ಮಾರಾಯ. ಸತ್ತ ಮರಿ ಹೊರಗೆ ಬಿದ್ದಿದ್ರೆ ಆಗ ತೆಗಿ." ಈಗ ಹತ್ತು ಹದಿನೈದು ದಿನಕ್ಕೊಮ್ಮೆ ತೆಗೆಯುತ್ತೇನೆ. ಅಡಿಮಣೆ ಗುಡಿಸುತ್ತೇನೆ, ಎರಿ ತಿನ್ನುವ ಮೇಣದ ಹುಳು ಇದೆಯಾ ನೋಡುತ್ತೇನೆ, ಅಷ್ಟೇ. ಮಳೆಗಾಲದಲ್ಲಿ ಹೂವಿಲ್ಲದಾಗ ಸಮ ಸಮ ಸಕ್ಕರೆ, ನೀರಿನ ಪಾಕ. ಅದನ್ನು ಸಂಜೆಯೇ ಇಡಿ. ಹಗಲಲ್ಲಿ ಇಟ್ಟರೆ ಬೇರೆ ಗೂಡಿನ ನೊಣ ದೋಚಲು ಬರುತ್ತವೆ.

ಪೆಟ್ಟಿಗೆಯ ಮರಕ್ಕೆ ಹೆಸರಿಡುವಂತಿಲ್ಲ. ಮೇಲೆ ಹಳೆ ತಗಡು ಹೊದಿಸಿ ಮೂರು ಮಳೆಗಾಲ ಕಳೆದಿದ್ದೇನೆ, ಬಿರುಕಿಲ್ಲ. ಜೊತೆಗೆ ಬಂದ, ನೊಣಕ್ಕೆ ಹೊಗೆ ಊದುವ ತಿದಿ ಮಾತ್ರ ವರ್ಷಕ್ಕೇ ಹರಿಯಿತು. ಈಗ ತೆಂಗಿನ ಸಿಪ್ಪೆಗೆ ಬೆಂಕಿ ತಾಗಿಸಿ ಊದುತ್ತೇನೆ.

ಕಳೆದ ವರ್ಷ ಕುಟುಂಬ ಪಾಲಾಗಿ, ಒಂದಷ್ಟು ನೊಣ ಬೇರೆ ಗೂಡಿಗೆ ಹೊರಡುವ ಲಕ್ಷಣ ಕಂಡಿತು. ಕಪ್ಪಗಿನ ದಪ್ಪ ಗಂಡು ನೊಣ ಮಧ್ಯಾಹ್ನ ಬಾಗಿಲಲ್ಲಿ ಜಾಸ್ತಿಯಾಗಿದ್ದವು. ಅವಸರದಲ್ಲಿ ಬೇರೆ ಕಡೆಯಿಂದ ಎರಡನೇ ಪೆಟ್ಟಿಗೆ ತಂದೆ. ಅದೂ ಐಎಸ್‌ಐ ಅಂತಲೇ ಮಾರಿದ್ದು. ಆದರೆ ಇದರ ಚೌಕಟ್ಟು ಅದಕ್ಕೆ ಕೂರುವುದಿಲ್ಲ, ಎರಡು ನೂಲು ವ್ಯತ್ಯಾಸ. ನೊಣ ಓಡಾಡಲು ಸುಮಾರು 8 ಮಿ.ಮೀ. ಸಂದು ಸಾಕು. ಜಾಸ್ತಿ ಬಿಟ್ಟರೆ ಅಲ್ಲೂ ಎರಿ ಕಟ್ಟುತ್ತವೆ. ಈಗ ಪ್ರತಿ ಸಲ ಚಾಕು ಹಿಡಿದು ಬಿಡಿಸಬೇಕು. ಕೊಳ್ಳುವಾಗಲೇ ಎರಡೂ ಪೆಟ್ಟಿಗೆ ಒಂದೇ ಕಡೆ ತೆಗೆದುಕೊಳ್ಳಿ.

ಈ ಬೇಸಿಗೆಯಲ್ಲಿ ಹಳೆ ಪೆಟ್ಟಿಗೆಯಿಂದ ಎರಡು ಸಲ ಸೇರಿ 5 ಕಿಲೋ ಜೇನುತುಪ್ಪ ಬಂತು. ದುಡ್ಡಿನ ಲೆಕ್ಕದಲ್ಲಿ ಇನ್ನೂ ಲುಕ್ಸಾನಿನಲ್ಲೇ ಇದ್ದೇನೆ, ಎದ್ದು ಹೋದ ಕುಟುಂಬದ ಕೃಪೆ.

ಪೇಂಟಿನ ದೊಡ್ಡ ಡಬ್ಬ ನಾಲ್ಕು ತಂದು ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ, ಬಟ್ಟಲಿನ ಬದಲಿಗೆ ಅಂತ. ಅಲ್ಲೇ ಇವೆ. ಮೊನ್ನೆ ಮತ್ತೆ ಎರಡು ದಿನದ ಮದುವೆ ಬಂತು. ಪಕ್ಕದ ಮನೆ ಹುಡುಗನ ಕೈಗೆ ಚೊಂಬು ಕೊಟ್ಟು ಹೋದೆವು. ಬಂದಾಗ ಬಟ್ಟಲು ನಾಲ್ಕೂ ತುಂಬಿದ್ದವು. ಅವನ ಎಡಗೆನ್ನೆಯೂ ಊದಿತ್ತು. "ಮುಚ್ಚಳ ತೆಗ್ದಿಲ್ಲ ಅಣ್ಣ, ಸುಮ್ನೆ ಬಾಗಿಲು ನೋಡ್ತಾ ಇದ್ದೆ" ಅಂದ.