ನೇಪಾಳ ಪ್ಯಾಕೇಜ್: ರೊಟ್ಟಿಗೆ ಪೂರ್ತಿ ಮಾರ್ಕು, ರೂಟಿಗೆ ಅರ್ಧ

ನಾನು ಸಾರಿಗೆ ಸಂಸ್ಥೆಯಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದವನು. ಬಸವಕಲ್ಯಾಣ ಡಿಪೋ. ಬಸ್ಸು ಹತ್ತಿದ ಕೂಡಲೇ ತಲೆ ಎಣಿಸುವ ಚಟ ಇನ್ನೂ ಹೋಗಿಲ್ಲ. ಬೇರೆಯವರ ಬಸ್ಸಿನಲ್ಲಿ ಕೂತಾಗ ತಪ್ಪು ಜಾಸ್ತಿ ಕಾಣುತ್ತೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ದೀಪಾವಳಿ ಮುಗಿದ ಮೇಲೆ ನಾನೂ ಮನೆಯವರೂ (ನನ್ನ ಹೆಂಡತಿ) ನೇಪಾಳಕ್ಕೆ ಹೋಗಿ ಬಂದೆವು. ಬೀದರಿನ ಒಂದು ಟೂರ್ಸ್‌ನವರ ಪ್ಯಾಕೇಜ್. 12 ದಿನ, ತಲೆಗೆ 29,500 ರೂಪಾಯಿ, ಒಟ್ಟು 34 ಜನ. ಹೆಸರು ಬರೆಯುವುದಿಲ್ಲ. ಹುಡುಗ ಕಷ್ಟಪಟ್ಟು ನಡೆಸುತ್ತಾನೆ, ಹೇಳಬೇಕಾದ್ದನ್ನು ಅವನ ಮುಖಕ್ಕೇ ಹೇಳಿದ್ದೇನೆ.

ಮೊದಲು ಒಳ್ಳೆಯದು. ಊಟ. ಅಡುಗೆಯವರು ಇಬ್ಬರು ನಮ್ಮ ಕಡೆಯವರೇ, ಸಿಲಿಂಡರ್, ಪಾತ್ರೆ ಸಮೇತ ಜೊತೆಗೇ ಬಂದರು. ಎರಡು ಡಬ್ಬ ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಚುರುಮುರಿ ಮೂಟೆ. ಪೋಖರಾದಲ್ಲಿ ಬೆಳಗಿನ ಚಳಿಗೆ ಹಲ್ಲು ಕಟಕಟ ಅನ್ನುವಾಗ ಚುರುಮುರಿ ಒಗ್ಗರಣೆಯ ಬಿಸಿ ಸುಸಲಾ ಕೈಗೆ ಬಂತು. ಅದಕ್ಕೇ ಅರ್ಧ ದುಡ್ಡು ವಸೂಲು. ಒಂದೇ ಒಂದು ದಿನ ಅಲ್ಲಿನ ದಾಲ್ ಭಾತ್ ಕೊಡಿಸಿದರು. ಅನ್ನ, ಬೇಳೆ, ಸೊಪ್ಪಿನ ಪಲ್ಯ, ಉಪ್ಪಿನಕಾಯಿ. ಖಾಲಿ ಆದಂಗೆ ಮತ್ತೆ ಬಡಿಸುತ್ತಾರೆ. ನನಗೆ ಇಷ್ಟ ಆಯಿತು. ನಮ್ಮ ಗುಂಪಿನ ಮುಕ್ಕಾಲು ಜನ ಮಾತ್ರ ತಟ್ಟೆ ಪಕ್ಕದಲ್ಲಿ ಹಿಂಡಿ ಪೊಟ್ಟಣ ಬಿಚ್ಚಿಟ್ಟುಕೊಂಡೇ ಉಂಡರು.

ಇನ್ನು ಕಾಗದಪತ್ರ. ಅವರ ಪಾಂಪ್ಲೆಟಿನಲ್ಲಿ "ಆಧಾರ್ ಸಾಕು" ಅಂತ ಇತ್ತು. ತಪ್ಪು. ನೇಪಾಳಕ್ಕೆ ನಮಗೆ ವೀಸಾ ಬೇಡ, ನಿಜ. ಆದರೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಕಾರ್ಡ್ ಬೇಕು. 15ಕ್ಕಿಂತ ಚಿಕ್ಕವರಿಗೆ, 65 ದಾಟಿದವರಿಗೆ ಮಾತ್ರ ಆಧಾರ್ ನಡೆಯುತ್ತೆ. ನಾನು ಹೊರಡುವ ಹಿಂದಿನ ವಾರ ಒಬ್ಬೊಬ್ಬರಿಗೂ ಫೋನ್ ಹಚ್ಚಿ ಕೇಳಿದೆ. ಒಂಬತ್ತು ಜನ ಬರೀ ಆಧಾರ್ ಇಟ್ಟುಕೊಂಡು ಹೊರಟಿದ್ದರು! ಸೊನೌಲಿ ಗಡಿಯಲ್ಲಿ ನಮ್ಮನ್ನು ಅಷ್ಟೇನೂ ತಡೆಯಲಿಲ್ಲ ಅನ್ನಿ. ಆದರೂ ಟಿಕೆಟ್ ಇಲ್ಲದೆ ಕೂತು ಚೆಕಿಂಗ್‌ನವರು ಬರದಿರಲಿ ಅಂತ ದೇವರಿಗೆ ಕೈ ಮುಗಿಯುವುದು ಒಂದು ಪ್ರಯಾಣವೇ?

ಸಿಕಂದರಾಬಾದಿನಿಂದ ಗೋರಖಪುರಕ್ಕೆ ರೈಲು. ಸ್ಲೀಪರ್ ಅಂದಿದ್ದರು, ಸ್ಲೀಪರೇ ಕೊಟ್ಟರು. ಗೋರಖಪುರದ ಪ್ಲಾಟ್‌ಫಾರ್ಮ್ 1,366 ಮೀಟರ್. ಜಗತ್ತಿನಲ್ಲೇ ಉದ್ದದ್ದು ಅಂತ ಅದಕ್ಕೆ ಹೆಸರಿತ್ತು. 2023ರಲ್ಲಿ ನಮ್ಮ ಹುಬ್ಬಳ್ಳಿಯದು 1,507 ಮೀಟರ್ ಆಗಿ ಅದನ್ನು ಹಿಂದೆ ಹಾಕಿತು. ಲಗೇಜ್ ಎಳೆದುಕೊಂಡು ನಡೆಯುವಾಗ ಇದನ್ನು ಹೇಳಿದೆ, ಯಾರಿಗೂ ಖುಷಿ ಆಗಲಿಲ್ಲ. ಅಲ್ಲಿಂದ ಗಡಿ ಸುಮಾರು 100 ಕಿಲೋಮೀಟರ್.

ಗಡಿ ದಾಟಿದ ಮೇಲೆ ಗಡಿಯಾರ 15 ನಿಮಿಷ ಮುಂದೆ ಇಡಬೇಕು. ಅರ್ಧ ಗಂಟೆಯೂ ಅಲ್ಲ, ಒಂದು ಗಂಟೆಯೂ ಅಲ್ಲ, ಕಾಲು ಗಂಟೆ! ಅವರ ವಿಕ್ರಮ ಸಂವತ್ಸರದ ಕ್ಯಾಲೆಂಡರ್ ನಮ್ಮದಕ್ಕಿಂತ 57 ವರ್ಷದಷ್ಟು ಮುಂದೆ. ವಾರದ ರಜಾ ಶನಿವಾರ. ಇದನ್ನೆಲ್ಲ ಮ್ಯಾನೇಜರ್ ಬಸ್ಸಿನಲ್ಲಿ ಹೇಳಬೇಕಿತ್ತು, ಹೇಳಲಿಲ್ಲ. ಮೊದಲ ದಿನ ಬೆಳಿಗ್ಗೆ ಆರಕ್ಕೆ ಬಸ್ಸು ಅಂದರು, ಅರ್ಧ ಜನ ನಮ್ಮ ಆರಕ್ಕೆ, ಅರ್ಧ ಜನ ಅವರ ಆರಕ್ಕೆ ಬಂದರು.

ದುಡ್ಡಿನದು ಇನ್ನೊಂದು ತಮಾಷೆ. ನಮ್ಮ 100 ರೂಪಾಯಿಗೆ ಅವರ 160. 1993ರಿಂದ ಅದೇ ರೇಟು. ಅಂಗಡಿಯವರು "ಐಸಿಯೋ ಎನ್‌ಸಿಯೋ?" ಅಂತ ಕೇಳುತ್ತಾರೆ. ಐಸಿ ಅಂದರೆ ನಮ್ಮ ರೂಪಾಯಿ, ಎನ್‌ಸಿ ಅವರದ್ದು. ಮನೆಯವರು ಒಂದು ಶಾಲು ಹಿಡಿದು ಚೌಕಾಸಿ ಮಾಡಿ 1,600ಕ್ಕೆ ಇಳಿಸಿದರು. ಗೆದ್ದ ಮುಖ. ಐಸಿನೋ ಎನ್‌ಸಿನೋ ಅಂತ ನಾನು ಕೇಳಿದೆ. ಅಂಗಡಿಯವನು ನಿಧಾನಕ್ಕೆ "ಐಸಿ" ಅಂದ. ಶಾಲು ಅಲ್ಲೇ ಬಿಟ್ಟು ಹೊರಟೆವು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ "ಎನ್‌ಸಿ, ಎನ್‌ಸಿ" ಅಂತ ಕೂಗು. ಅಂದರೆ ಸಾವಿರ ರೂಪಾಯಿಗೆ ಬಂತು. ಹೋಗುವವರು 100ರ ನೋಟು ಜಾಸ್ತಿ ಇಟ್ಟುಕೊಳ್ಳಿ. ನಮ್ಮ ದೊಡ್ಡ ನೋಟು ಕಂಡರೆ ಅಂಗಡಿಯವರು ಮುಖ ನೋಡುತ್ತಾರೆ.

ಲುಂಬಿನಿಗೆ ಎರಡು ಗಂಟೆ ಕೊಟ್ಟರು, ಸಾಕಾಯಿತು. ಬುದ್ಧ ಹುಟ್ಟಿದ ಜಾಗ. ಮಾಯಾದೇವಿ ಗುಡಿಯ ಪಕ್ಕದಲ್ಲಿ ಅಶೋಕನ ಕಂಬ. ಬುದ್ಧ ಇಲ್ಲಿ ಹುಟ್ಟಿದ್ದರಿಂದ ಲುಂಬಿನಿ ಊರಿಗೆ ತೆರಿಗೆ ಮಾಫಿ, ಬೆಳೆಯಲ್ಲಿ ಎಂಟನೇ ಒಂದು ಪಾಲು ಕೊಟ್ಟರೆ ಸಾಕು ಅಂತ ಅದರ ಮೇಲೆ ಕೆತ್ತಿಸಿದ್ದಾನೆ. ರಾಜ ಬಂದು ಹೋದದ್ದಕ್ಕೆ ಊರಿಗೆ ಕನ್ಸೆಷನ್! ಅದೇ ಅಶೋಕನ ಶಾಸನ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಇದೆ. ಪಕ್ಕದ ಕನಗನಹಳ್ಳಿ ಸ್ತೂಪದಲ್ಲಿ ಅವನ ಹೆಸರು ಬರೆದ ಶಿಲ್ಪವೇ ಸಿಕ್ಕಿದೆ. ನಮ್ಮ ಬಸ್ಸಿನಲ್ಲಿ ಸನ್ನತಿ ನೋಡಿದವರು ಎಷ್ಟು ಜನ ಅಂತ ಕೇಳಿದೆ. ಅಲ್ಲಿನ ಚಂದ್ರಲಾ ಪರಮೇಶ್ವರಿ ಗುಡಿಗೆ ಹೋದವರು ಹದಿನೆಂಟು ಜನ, ಸ್ತೂಪ ನೋಡಿದವರು ಒಬ್ಬರು.

ಪೋಖರಾದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಫೋಟೋ ಎಲ್ಲರೂ ನೋಡಿರುತ್ತೀರಿ. ರಸ್ತೆ ಮಾತ್ರ ಬರೀ ತಿರುವು. ಮುಂದಿನ ಸೀಟಿನವರು ದೇವರ ಹೆಸರು ಹೇಳುತ್ತಿದ್ದರು, ಹಿಂದಿನ ಸೀಟಿನವರು ವಾಂತಿ ಮಾಡುತ್ತಿದ್ದರು. ಡ್ರೈವರ್ ನೇಪಾಳಿ ಹುಡುಗ, ಕೈ ಬಂಗಾರ. ಬಸ್ಸಿಗೆ ಮಾತ್ರ ಮಾರ್ಕು ಕಡಿಮೆ. ಪುಷ್‌ಬ್ಯಾಕ್ ಸೀಟು ಅಂತ ಹೇಳಿ ದುಡ್ಡು ತಗೊಂಡಿದ್ದರು. 11ನೇ ನಂಬರ್ ಸೀಟು ಹಿಂದಕ್ಕೆ ಹೋಗುತ್ತಿತ್ತು, ಮುಂದಕ್ಕೆ ಬರುತ್ತಿರಲಿಲ್ಲ.

ಸಾರಂಗಕೋಟ್‌ನಲ್ಲಿ ಬೆಳಗಿನ ಜಾವ ನಿಂತಾಗ ಎದುರಿಗೆ ಮಚ್ಛಾಪುಚ್ಛ್ರೆ. 6,993 ಮೀಟರ್. ಮೊದಲು ಕಪ್ಪು, ಆಮೇಲೆ ತುದಿಯಲ್ಲಿ ಕುಂಕುಮ ಇಟ್ಟಂತೆ ಒಂದು ಚುಕ್ಕಿ, ನೋಡನೋಡುತ್ತ ಅದು ಕೆಳಗೆ ಇಳಿದು ಬೆಟ್ಟ ಎಲ್ಲ ಕೆಂಪಾಯಿತು. 1957ರಲ್ಲಿ ಒಂದು ಬ್ರಿಟಿಷ್ ತಂಡ ಹತ್ತಿತ್ತಂತೆ, ತುದಿಗೆ ಸ್ವಲ್ಪ ಇರುವಾಗಲೇ ನಿಂತು ಇಳಿದು ಬಂತಂತೆ. ಅದು ಶಿವನ ಜಾಗ ಅಂತ ಅಲ್ಲಿನವರು ನಂಬುತ್ತಾರೆ, ಹತ್ತಲು ಯಾರಿಗೂ ಪರ್ಮಿಟ್ ಇಲ್ಲ.

ಈಗ ನನ್ನ ಅಸಲಿ ತಕರಾರು.

ನಮ್ಮ ಮಗಳು ಇತಿಹಾಸ ಓದಿದವಳು, ಹುಮನಾಬಾದಿನಲ್ಲಿ ಪಾಠ ಮಾಡುತ್ತಾಳೆ. ಹೊರಡುವಾಗ ಒಂದು ಚೀಟಿ ಬರೆದುಕೊಟ್ಟಳು. "ಅಪ್ಪಾ, ಅಲ್ಲಿ ನಿಮ್ಮ ಊರಿನ ಸಾಮಾನು ಮೂರು ಅದಾವ, ನೋಡಿ ಬರ್ರಿ" ಅಂದಳು. ಒಂದು, ಪಶುಪತಿನಾಥನ ಪೂಜೆ ಮಾಡುವ ಭಟ್ಟರು. ಎರಡು, ಕಠ್ಮಂಡು ಪಕ್ಕದ ಭಕ್ತಪುರದ ಜಂಗಮ ಮಠ. ಮೂರು, ಸಿಮ್ರೌನ್‌ಗಢ.

ಮೂರನೆಯದು ಕೇಳಿ ನನಗೇ ಮೈ ಜುಮ್ ಅಂತು. ನಮ್ಮ ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ. ಚಾಲುಕ್ಯರ ದಂಡು ಉತ್ತರಕ್ಕೆ ಹೋದಾಗ ಜೊತೆಗೆ ಹೋಗಿ ಅಲ್ಲೇ ಉಳಿದ ಕರ್ನಾಟಕದ ಸರದಾರರ ಪೈಕಿ ನಾನ್ಯದೇವ ಒಬ್ಬ ಅಂತ ಇತಿಹಾಸಕಾರರು ಹೇಳುತ್ತಾರೆ. ಅವನು 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ. ಆ ವಂಶಕ್ಕೆ ಹೆಸರೇ ಕರ್ನಾಟ ವಂಶ. ರಾಜಧಾನಿ ಸಿಮ್ರೌನ್‌ಗಢ, ಈಗಿನ ನೇಪಾಳದ ಬಾರಾ ಜಿಲ್ಲೆಯಲ್ಲಿ. ಎರಡು ನೂರು ವರ್ಷ ಮೇಲೆ ಆಳಿದರು. 1324ರ ಸುಮಾರಿಗೆ ತುಘಲಕರ ದಂಡು ಬಂದಾಗ ಕೊನೆಯ ರಾಜ ಹರಿಸಿಂಹದೇವ ನೇಪಾಳದ ಗುಡ್ಡದ ಕಡೆ ಓಡಿದ. ಭಕ್ತಪುರದ ತಲೇಜು ದೇವಿ ಅವರ ಜೊತೆ ಬಂದವಳು ಅಂತ ಅಲ್ಲಿನ ನಂಬಿಕೆ.

ನಾನು ಬಸವಕಲ್ಯಾಣದ ಕೋಟೆ ಪಕ್ಕದಲ್ಲಿ ದಿನಕ್ಕೆ ನಾಲ್ಕು ಟ್ರಿಪ್ ಹೊಡೆದವನು. ಇದು ನನಗೆ 62ನೇ ವಯಸ್ಸಿನಲ್ಲಿ ಗೊತ್ತಾಗಬೇಕೆ?

ಪಶುಪತಿನಾಥಕ್ಕೆ ಕರೆದುಕೊಂಡು ಹೋದರು. ಬಾಗಮತಿ ದಂಡೆ, ಈಚೆ ಗುಡಿಯ ಗಂಟೆ, ಕೆಳಗೆ ಘಾಟಿನಲ್ಲಿ ಚಿತೆ ಉರಿಯುತ್ತಿತ್ತು. ಲಿಂಗಕ್ಕೆ ನಾಲ್ಕು ಕಡೆ ಮುಖ. ಲಿಂಗ ಮುಟ್ಟಿ ಪೂಜೆ ಮಾಡುವ ಹಕ್ಕು ದಕ್ಷಿಣದಿಂದ, ಹೆಚ್ಚಾಗಿ ನಮ್ಮ ಕರ್ನಾಟಕದಿಂದ ಹೋದ ಭಟ್ಟರಿಗೆ ಮಾತ್ರ. ನಮ್ಮ ಗೈಡ್ ಇದನ್ನು ಹೇಳಲೇ ಇಲ್ಲ. ನಾನು ಹೇಳಿದ ಮೇಲೆ ಗುಂಪಿನವರೆಲ್ಲ ಮತ್ತೆ ಬಗ್ಗಿ ನೋಡಿದರು. ಗೈಡ್‌ಗೆ ಅವಸರ, ಮುಂದೆ ರುದ್ರಾಕ್ಷಿ ಅಂಗಡಿ ಇತ್ತಲ್ಲ.

ಆ ಅಂಗಡಿಯಲ್ಲಿ ಒಂದು ಗಂಟೆ 20 ನಿಮಿಷ. ನಾನು ಬರೆದಿಟ್ಟುಕೊಂಡಿದ್ದೇನೆ. ಸಾಲಿಗ್ರಾಮದ ಅಂಗಡಿ 50 ನಿಮಿಷ. ಪಶ್ಮಿನಾ ಅಂಗಡಿ ಒಂದು ಗಂಟೆ. ಮನೆಯವರು ಬೇಸತ್ತು ಹೇಳಿದರು: "ಇಂವ ನಮಗ ಗುಡಿಗಿ ಕರ್ಕೊಂಡು ಬಂದಾನೋ, ಸಂತಿಗಿ ಕರ್ಕೊಂಡು ಬಂದಾನೋ?"

ಭಕ್ತಪುರಕ್ಕೆ ಕೊಟ್ಟದ್ದು ಎಷ್ಟು ಗೊತ್ತಾ? ಒಂದು ಗಂಟೆ 15 ನಿಮಿಷ. ಅಂಥಾ ಊರಿಗೆ! ಇಟ್ಟಿಗೆ ಹಾಸಿದ ಬೀದಿ, ಕಪ್ಪು ಮರದ ಕೆತ್ತನೆ ಕಿಟಕಿ. 1702ರಲ್ಲಿ ಕಟ್ಟಿದ ಐದು ಮಾಡಿನ ನ್ಯಾತಪೋಲ ಗುಡಿ 2015ರ ಭೂಕಂಪಕ್ಕೂ ಬೀಳದೆ ನಿಂತಿದೆ. ಮೆಟ್ಟಿಲ ಮೇಲೆ ಎರಡೂ ಕಡೆ ಕಾವಲು. ಕೆಳಗೆ ಪೈಲ್ವಾನರು, ಅವರಿಗಿಂತ ಹತ್ತು ಪಟ್ಟು ಶಕ್ತಿಯ ಆನೆ ಮೇಲೆ, ಅದರ ಮೇಲೆ ಸಿಂಹ, ಹೀಗೆ ದೇವತೆಗಳ ತನಕ. ಚೌಕದಲ್ಲಿ ಮಣ್ಣಿನ ಬಟ್ಟಲಲ್ಲಿ ಜುಜು ಧೌ ಮಾರುತ್ತಿದ್ದರು. ರಾಜ ಮೊಸರು ಅಂತ ಅರ್ಥ. ಮನೆಯವರು ಬಟ್ಟಲು ತಲೆಕೆಳಗೆ ಹಿಡಿದು ನೋಡಿದರು, ಬೀಳಲಿಲ್ಲ. "ಎಮ್ಮಿ ಹಾಲಿಂದ ಅದ ನೋಡ್ರಿ" ಅಂದರು. ಕೇಳಿದರೆ ಹೌದು, ಎಮ್ಮೆ ಹಾಲಿನದೇ.

ಮಠಕ್ಕೆ ಹೋಗೋಣ ಅಂತ ಮ್ಯಾನೇಜರ್‌ಗೆ ಕೇಳಿದೆ. "ಅಂಕಲ್, ಪ್ಯಾಕೇಜ್‌ನ್ಯಾಗ ಇಲ್ರೀ" ಅಂದ. ಉಳಿದವರು ಮುಖವಾಡದ ಅಂಗಡಿಗೆ ನುಗ್ಗಿದರು. ನಾವಿಬ್ಬರು ಚೀಟಿ ಹಿಡಿದು ಹೊರಟೆವು. ನಮ್ಮ ಸಿಮ್ ಅಲ್ಲಿ ನಡೆಯುತ್ತಿರಲಿಲ್ಲ, ಮ್ಯಾಪ್ ಇಲ್ಲ. "ಜಂಗಮ್ ಮಠ್, ಜಂಗಮ್ ಮಠ್" ಅಂತ ಕೇಳುತ್ತ ಹೋದೆವು. ಮಡಕೆ ಒಣಗಿಸುತ್ತಿದ್ದ ಅಜ್ಜಿ ಎಡಕ್ಕೆ ಕೈ ತೋರಿಸಿದಳು, ಶಾಲೆಯ ಹುಡುಗನೊಬ್ಬ ಬಾಗಿಲ ತನಕ ಬಂದ.

ಬಾಗಿಲು ಹಾಕಿತ್ತು.

ಮನೆಯವರು ಏನೂ ಅನ್ನಲಿಲ್ಲ. ಚಪ್ಪಲಿ ಬಿಟ್ಟರು. ಸೆರಗಿನ ಒಳಗೆ ಕೈ ಹಾಕಿ ಕೊರಳಲ್ಲಿದ್ದ ಲಿಂಗದ ಕರಡಿಗೆ ಹಿಡಿದುಕೊಂಡು ಹೊಸ್ತಿಲ ಮುಂದೆ ನಿಂತರು. ಹುಡುಗ ಅವರ ಮುಖ ನೋಡಿದ, ಬಾಗಿಲು ನೋಡಿದ, ತಾನೂ ಕೈ ಮುಗಿದ. ಎರಡು ನಿಮಿಷ ಆಗಿರಬಹುದು. ಎಲ್ಲಿಯ ಕಲ್ಯಾಣ, ಎಲ್ಲಿಯ ಭಕ್ತಪುರ! ಕಾಲ್ನಡಿಗೆಯಲ್ಲಿ ಬಂದ ಜಂಗಮರಿಗೆ ಇಲ್ಲೊಂದು ಮನೆ ಇತ್ತಲ್ಲ ಅಂತ ನಾನು ಗೋಡೆ ಮುಟ್ಟಿ ನೋಡಿದೆ. ಬಿಸಿಲಿಗೆ ಇಟ್ಟಿಗೆ ಬೆಚ್ಚಗಿತ್ತು.

ವಾಪಸ್ ಬರುವಾಗ ಹತ್ತು ನಿಮಿಷ ತಡ. ಬಸ್ಸು ಹಾರ್ನ್ ಹೊಡೆಯುತ್ತಿತ್ತು. 32 ಜನ ನಮ್ಮನ್ನೇ ನೋಡುತ್ತಿದ್ದರು. 31 ವರ್ಷ ಪ್ಯಾಸೆಂಜರಿಗೆ ನಾನು ಬೈದದ್ದೆಲ್ಲ ಒಂದೇ ಸಲ ವಾಪಸ್ ಬಂತು.

ಸಿಮ್ರೌನ್‌ಗಢದ್ದಂತೂ ಹೊಟ್ಟೆ ಉರಿಯುತ್ತೆ. ಹಿಂದಕ್ಕೆ ಬಂದದ್ದು ಬೀರ್‌ಗಂಜ್, ರಕ್ಸೌಲ್ ದಾರಿಯಲ್ಲಿ. ಸಿಮ್ರೌನ್‌ಗಢ ಬೀರ್‌ಗಂಜ್‌ನಿಂದ ಪೂರ್ವಕ್ಕೆ, ಗಡಿಯ ಅಂಚಿನಲ್ಲೇ. ದೂರವೇನೂ ಜಾಸ್ತಿ ಇಲ್ಲ. ರೈಲಿಗೆ ಐದು ಗಂಟೆ ಸಮಯವೂ ಇತ್ತು. ಆ ಐದು ಗಂಟೆ ರಕ್ಸೌಲ್ ಸ್ಟೇಷನ್ನಿನಲ್ಲಿ ಲಗೇಜ್ ಮೇಲೆ ಕೂತು ಸೊಳ್ಳೆ ಹೊಡೆದೆವು.

ಹಾಗಾದರೆ ಈ ಪ್ಯಾಕೇಜಿನಲ್ಲಿ ಹೋಗಬಹುದಾ ಅಂತ ಕೇಳಿದರೆ, ವಯಸ್ಸಾದವರು, ಹೊರಗಿನ ಊಟ ಒಗ್ಗದವರು ಕಣ್ಣು ಮುಚ್ಚಿ ಹೋಗಿ. ಹುಷಾರಿಲ್ಲದವರನ್ನು ಮಕ್ಕಳ ಹಾಗೆ ನೋಡಿಕೊಂಡರು. ಒಬ್ಬ ಅಜ್ಜನಿಗೆ ರಾತ್ರಿ ಜ್ವರ ಬಂದಾಗ ಮ್ಯಾನೇಜರ್ ತಾನೇ ಡಾಕ್ಟರ್ ಹತ್ತಿರ ಕರೆದೊಯ್ದ. ಹೋಟೆಲ್ ರೂಮು ಸ್ವಚ್ಛ, ಬಿಸಿನೀರು ಬೆಳಿಗ್ಗೆ ಮಾತ್ರ. ಭಕ್ತಪುರ ಮನಸ್ಸಿನಲ್ಲಿ ಇದ್ದರೆ ಕಠ್ಮಂಡುವಿನ ಅಂಗಡಿ ದಿನ ಗುಂಪು ಬಿಟ್ಟು ನೀವೇ ಟ್ಯಾಕ್ಸಿ ಮಾಡಿಕೊಳ್ಳಿ. ಮ್ಯಾನೇಜರ್‌ಗೆ ಹಿಂದಿನ ರಾತ್ರಿಯೇ ಹೇಳಿಬಿಡಿ, ಹಾರ್ನ್ ತಪ್ಪುತ್ತೆ.

ಊರಿಗೆ ಬಂದ ಮೇಲೆ ಬೀದರಿಗೆ ಹೋಗಿ ಮಾಲೀಕನ ಮುಂದೆ ಚೀಟಿ ಇಟ್ಟೆ. ಅಂಗಡಿ ಎರಡು ತೆಗೆದುಹಾಕು, ಭಕ್ತಪುರಕ್ಕೆ ಪೂರ್ತಿ ದಿನ ಕೊಡು, ಬರುವಾಗ ಸಿಮ್ರೌನ್‌ಗಢ ಸೇರಿಸು ಅಂದೆ. ಅವನು ನಕ್ಕು, "ಜನ ಕೇಳಂಗಿಲ್ರೀ ಅಂಕಲ್. 25 ಸೀಟು ತುಂಬಿಸಿ ಕೊಡ್ರಿ, ನಾ ಬಸ್ ಬಿಡ್ತೀನಿ" ಅಂದ.

ಸೀಟು ತುಂಬಿಸುವುದು ನನಗೆ ಹೊಸದೇನಲ್ಲ. ಇವತ್ತಿನ ತನಕ ಒಂಬತ್ತು ಆಗಿದೆ. ಅದರಲ್ಲಿ 11ನೇ ನಂಬರ್ ಸೀಟು ಯಾರಿಗೂ ಕೊಟ್ಟಿಲ್ಲ.