ರೀಪರ್‌ನ ಪ್ಯಾನ್ ನಾಬ್: ಪಿಯಾನೋ ಎಡಕ್ಕೆ ಹೋದ್ರೂ ಸ್ವರ ಕಳೆದುಹೋಗಲ್ಲ

ಹಾಡಿನ ಮಿಕ್ಸಿಂಗ್ ಮಾಡೋರು ಈಕ್ಯೂ, ಕಂಪ್ರೆಸರ್ ಥರದ ಟೂಲ್‌ಗಳ ಬಗ್ಗೆ ಗಂಟೆಗಟ್ಲೆ ಮಾತಾಡ್ತಾರೆ, ಪ್ಯಾನಿಂಗ್ (ಸೌಂಡನ್ನ ಎಡ-ಬಲ ಸ್ಪೀಕರ್‌ಗಳ ನಡುವೆ ಎಲ್ಲಿ ಕೂರಿಸ್ಬೇಕು ಅನ್ನೋದು) ವಿಷ್ಯ ಬಂದ್ರೆ ಮಾತ್ರ ಎಡಕ್ಕೊಂದು ಬಲಕ್ಕೊಂದು ಹಾಕಿ ಮುಗೀತು ಅಂತಾರೆ. ನನಗೆ ರೀಪರ್ ಅನ್ನೋ ರೆಕಾರ್ಡಿಂಗ್-ಮಿಕ್ಸಿಂಗ್ ಸಾಫ್ಟ್‌ವೇರ್ ಹಿಡಿಸಿದ್ದೇ ಈ ಪ್ಯಾನ್ ನಾಬಿಂದ, ಅದಕ್ಕೇ ಈ ರಿವ್ಯೂ ಪೂರ್ತಿ ಅದರ ಮೇಲೇ.

ಮೊದ್ಲು ಬೇರೊಂದು ಸಾಫ್ಟ್‌ವೇರಲ್ಲಿ ಕೆಲಸ ಮಾಡ್ತಿದ್ದೆ. ಒಂದು ಹಾಡಲ್ಲಿ ಸ್ಟೀರಿಯೋ ಪಿಯಾನೋ ಇತ್ತು, ಕೆಳಗಿನ ಸ್ವರ ಎಡಗಡೆ, ಮೇಲಿನ ಸ್ವರ ಬಲಗಡೆ. ಹಾಡೋರ ದನಿಗೆ ಮಧ್ಯದಲ್ಲಿ ಜಾಗ ಬೇಕಿತ್ತು ಅಂತ ಪಿಯಾನೋನ ಎಡಕ್ಕೆ ತಿರುಗಿಸಿ ಬೇರೆ ಕೆಲಸ ನೋಡ್ತಾ ಹೋದೆ, ಆಮೇಲೆ ಕೂತು ಕೇಳಿದ್ರೆ ಬಲಗೈಲಿ ನುಡಿಸಿದ್ದ ಆ ಚಂದದ ಮೇಲಿನ ಸ್ವರಗಳೇ ಮಾಯ! ಆ ನಾಬ್ ಮಾಡ್ತಿದ್ದಿದ್ದು ಪ್ಯಾನ್ ಅಲ್ಲ, ಬ್ಯಾಲೆನ್ಸ್. ಎಡಕ್ಕೆ ತಿರುಗಿಸಿದ್ರೆ ಬಲ ಚಾನೆಲ್‌ನ ಸೌಂಡ್ ಇಳಿಸುತ್ತೆ ಅಷ್ಟೇ, ಅದನ್ನ ಎಡಕ್ಕೆ ತರಲ್ಲ.

ರೀಪರಲ್ಲೂ ಶುರುವಿಗೆ ಇರೋದು ಬ್ಯಾಲೆನ್ಸೇ, ಆದ್ರೆ ಪ್ಯಾನ್ ನಾಬ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಸ್ಟೀರಿಯೋ ಪ್ಯಾನ್, ಡ್ಯುಯಲ್ ಪ್ಯಾನ್ ಅಂತ ಇನ್ನೆರಡು ಮೋಡ್ ಸಿಗುತ್ತೆ. ಡ್ಯುಯಲ್ ಪ್ಯಾನಲ್ಲಿ ಎಡ ಚಾನೆಲ್ಲಿಗೊಂದು ನಾಬ್, ಬಲಕ್ಕೊಂದು. ಅದೇ ಪಿಯಾನೋದ ಎಡ ಚಾನೆಲ್‌ನ ಎಡಕ್ಕೆ 90ರಲ್ಲಿಟ್ಟು, ಬಲ ಚಾನೆಲ್ಲನ್ನೂ ಎಡಕ್ಕೇ ತಂದು 20ರಲ್ಲಿಟ್ಟೆ, ಒಂದು ಸ್ವರಾನೂ ಬಿಟ್ಟುಹೋಗದೆ ಇಡೀ ಪಿಯಾನೋ ಎಡಗಡೆ ಹೋಗಿ ಕೂತ್ಕೊಳ್ತು. ಆ ಖುಷಿ ಹೇಳೋಕಾಗಲ್ಲ. ಸ್ಟೀರಿಯೋ ಪ್ಯಾನ್ ಮೋಡಲ್ಲಿ ವಿಡ್ತ್ ಅಂತ ಇನ್ನೊಂದು ನಾಬ್ ಬರುತ್ತೆ, 100 ಅಂದ್ರೆ ಪೂರ್ತಿ ಅಗಲ, 0 ಅಂದ್ರೆ ಮೋನೋ (ಎಡ ಬಲ ಎರಡೂ ಸೇರಿ ಒಂದೇ ಸೌಂಡ್), ಮೈನಸ್ 100 ಅಂದ್ರೆ ಎಡ ಬಲ ಅದಲುಬದಲು.

ಪ್ಯಾನ್ ಲಾ, ಅಂದ್ರೆ ಮಧ್ಯದಲ್ಲಿರೋ ಸೌಂಡನ್ನ ಎಷ್ಟು ಇಳಿಸ್ಬೇಕು ಅನ್ನೋ ಸೆಟ್ಟಿಂಗ್ ಕೂಡ ನಮ್ಮ ಕೈಲೇ ಇದೆ. ಮಧ್ಯದಲ್ಲಿರೋ ಸೌಂಡ್ ಎರಡೂ ಸ್ಪೀಕರಿಂದ ಬರೋದ್ರಿಂದ ಜೋರಾಗಿ ಕೇಳುತ್ತೆ, ಪಕ್ಕಕ್ಕೆ ಸರಿಸಿದ್ರೆ ಸಣ್ಣಗಾಗುತ್ತೆ, ಅದನ್ನ ಸರಿದೂಗಿಸೋಕೆ ಮಧ್ಯದಲ್ಲಿ 3, 4.5 ಇಲ್ಲಾ 6 ಡೆಸಿಬಲ್ ಇಳಿಸ್ತಾರೆ. ನಾನು ಮೈನಸ್ 3 ಇಟ್ಕೊಂಡಿದೀನಿ. ಮಿಕ್ಸ್ ಅರ್ಧ ಆದ್ಮೇಲೆ ಮಾತ್ರ ಇದನ್ನ ಮುಟ್ಬೇಡಿ, ಲೆವೆಲ್ ಎಲ್ಲಾ ಏರುಪೇರಾಗುತ್ತೆ.

ಎಲ್ಲಾ ಟ್ರ್ಯಾಕ್ ಬಂದು ಸೇರೋ ಮಾಸ್ಟರ್ ಟ್ರ್ಯಾಕಲ್ಲಿರೋ ಮೋನೋ ಬಟನ್ ನಾನು ದಿನಾ ಒತ್ತೋದು, ಎಡ ಬಲ ಒಂದಾದ್ರೆ ಹೇಗೆ ಕೇಳುತ್ತೆ ಅಂತ ನೋಡೋಕೆ. ಒಂದೇ ಗಿಟಾರ್ ರೆಕಾರ್ಡಿಂಗನ್ನ ಕಾಪಿ ಮಾಡಿ ಒಂದನ್ನ ಎಡದ ತುದಿಗೆ ಇನ್ನೊಂದನ್ನ ಬಲದ ತುದಿಗೆ ಹಾಕಿದ್ರೆ ಅಗಲ ಆಗಲ್ಲ, ಮಧ್ಯದಲ್ಲೇ ಕೇಳುತ್ತೆ. ಒಂದನ್ನ 15 ಮಿಲಿಸೆಕೆಂಡ್ ತಡ ಮಾಡಿದ್ರೆ ಅಗಲ ಆದಂಗೆ ಅನ್ಸುತ್ತೆ ನಿಜ, ಆದ್ರೆ ಮೋನೋ ಒತ್ತಿ ನೋಡಿ, ಕೆಲವು ಫ್ರೀಕ್ವೆನ್ಸಿ ಒಂದನ್ನೊಂದು ಹೊಡೆದು ಹಾಕಿ ಗಿಟಾರ್ ಡಬ್ಬದೊಳಗಿಂದ ಬಂದ ಹಾಗಿರುತ್ತೆ. ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ರೆಕಾರ್ಡ್ ಮಾಡಿ, ಮೋನೋದಲ್ಲೂ ಗಟ್ಟಿಯಾಗಿ ನಿಲ್ಲುತ್ತೆ.

ಹೆಡ್‌ಫೋನಲ್ಲಿ ಮಾತ್ರ ಪ್ಯಾನ್ ಮಾಡೋರಿಗೂ ಒಂದ್ಮಾತು, ಎಡದ ತುದಿಗೆ ಹಾಕಿದ್ದು ಅಲ್ಲಿ ಎಡಗಿವಿಗಷ್ಟೇ ಕೇಳುತ್ತೆ, ಸ್ಪೀಕರಲ್ಲಿ ಎರಡೂ ಕಿವಿಗೂ ಬರುತ್ತೆ, ಅದಕ್ಕೇ ಎರಡರಲ್ಲೂ ಕೇಳಿ.

ಈ ಮೋಡ್‌ಗಳು ರೈಟ್ ಕ್ಲಿಕ್ ಒಳಗಿರೋದ್ರಿಂದ ಹೊಸಬರ ಕಣ್ಣಿಗೆ ಬೀಳಲ್ಲ, ಅದೊಂದೇ ನನ್ನ ಬೇಜಾರು. 60 ದಿನ ಎಲ್ಲಾ ಫೀಚರ್ ಜೊತೆ ಟ್ರೈ ಮಾಡ್ಬಹುದು. ಹಾಕ್ಕೊಂಡ್ರೆ ಮೊದ್ಲು ಒಂದು ಸ್ಟೀರಿಯೋ ಕೀಬೋರ್ಡ್ ಟ್ರ್ಯಾಕ್ ತಗೊಂಡು ಮೂರೂ ಮೋಡಲ್ಲಿ ಎಡಕ್ಕೆ ತಿರುಗಿಸಿ, ಮೇಲಿನ ಸ್ವರಗಳು ಎಲ್ಲಿ ಹೋಗ್ತವೆ ಅಂತ ಕಿವಿಗೊಟ್ಟು ಕೇಳಿ.